ದುರ್ಲಭವಾದರೂ ಅಲ್ಪಮೌಲ್ಯ: ಚಂದ್ರವಳ್ಳಿಯ ಸೀಸದ ನಾಣ್ಯಗಳು

ಯಾವುದು ದುರ್ಲಭವೋ ಅದೇ ಬೆಲೆಯುಳ್ಳದ್ದು ಎಂಬುದು ಲೋಕದಲ್ಲಿ ರೂಢವಾದ ಮಾತು. ನೀರು ಎಲ್ಲೆಡೆಯೂ ದೊರೆಯುವುದರಿಂದ ಅಗ್ಗ, ರತ್ನವು ಎಲ್ಲಿಯೋ ಒಂದೆಡೆ ದೊರೆಯುವುದರಿಂದ ತುಟ್ಟಿ ಎಂದು ಎಳೆಯರಿಗೂ ತಿಳಿಯಹೇಳುವುದುಂಟು. ಆದರೆ ಹಳೆಯ ನಾಣ್ಯಗಳ ವಿಷಯದಲ್ಲಿ ಈ ಮಾತು ಅರ್ಧ ಮಾತ್ರ ನಿಜ. ಸಹಸ್ರಗಟ್ಟಲೆ ದೊರೆತಿರುವ ನಾಣ್ಯವೊಂದಕ್ಕೆ ಕೊಳ್ಳುವವರು ಮೇಲೆ ಮೇಲೆ ಬೀಳುತ್ತಿರಲು, ಬೆರಳೆಣಿಕೆಯಷ್ಟೇ ಉಳಿದಿರುವ ಇನ್ನೊಂದು ನಾಣ್ಯವು ಕೇಳುವವರಿಲ್ಲದೆ ಬಿದ್ದಿರುವುದುಂಟು. ಇದರ ಕಾರಣವೇನು? ಇದರಿಂದ ನಾಡಿನ ಚರಿತ್ರೆಗೆ ಒದಗುವ ಹಾನಿಯೇನು? ಇದನ್ನು ವಿಚಾರಿಸುವುದಕ್ಕೆ ಕನ್ನಡನಾಡಿನ ಮಣ್ಣಿನಿಂದಲೇ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದಾಗಿದೆ.

ಚಿತ್ರದುರ್ಗದ ಬೆಟ್ಟಗಳ ಮಗ್ಗುಲಲ್ಲಿ ಚಂದ್ರವಳ್ಳಿಯೆಂಬ ಕಣಿವೆಯುಂಟು. ಕದಂಬ ಮಯೂರಶರ್ಮನು ಕಟ್ಟಿಸಿದ ಕೆರೆಯ ವಿಷಯವನ್ನು ಹೇಳುವ ಬಂಡೆಗಲ್ಲಿನ ಶಾಸನದಿಂದ ಈ ಸ್ಥಳವು ವಿದ್ವಾಂಸರಿಗೆ ಸುಪರಿಚಿತವಾಗಿದೆ. ಕದಂಬರಿಗಿಂತಲೂ ಎರಡು ಮೂರು ಶತಮಾನಗಳ ಹಿಂದೆ, ಶಾತವಾಹನರ ಕಾಲದಲ್ಲಿ, ಇಲ್ಲಿ ಜನಭರಿತವಾದ ಪಟ್ಟಣವೊಂದಿದ್ದಿತು. ಮೈಸೂರು ಪ್ರಾಕ್ತನಶೋಧನ ಇಲಾಖೆಯ ಆರ್. ನರಸಿಂಹಾಚಾರ್ಯರು, ಅವರ ತರುವಾಯ ಡಾಕ್ಟರ್ ಎಂ. ಎಚ್. ಕೃಷ್ಣರು, ಆಮೇಲೆ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಈ ನೆಲವನ್ನು ಅಗೆಯಿಸಿ ಪರೀಕ್ಷಿಸಿದರು. ಮಡಕೆಯ ಚೂರುಗಳು, ಮಣಿಗಳು, ಇಟ್ಟಿಗೆಯ ಗೋಡೆಗಳು ಇವುಗಳೊಂದಿಗೆ ಎರಡು ಜಾತಿಯ ನಾಣ್ಯಗಳು ಇಲ್ಲಿ ದೊರೆತುವು. ಒಂದು, ರೋಮಿನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ದಿನಾರಿಗಳು. ಎರಡನೆಯದು, ಈ ನಾಡಿನ ಅರಸರೂ ಮಹಾರಠಿಗಳೂ ಹೊರಡಿಸಿದ ಸೀಸದ ನಾಣ್ಯಗಳು. ಒಂದೇ ನೆಲದಲ್ಲಿ ದೊರೆತ ಈ ಎರಡು ನಾಣ್ಯಗಳ ಇಂದಿನ ಗತಿಯನ್ನು ಹೋಲಿಸಿ ನೋಡಿದರೆ ಬೆಲೆಯ ಮರ್ಮವು ತಿಳಿಯುತ್ತದೆ.

ಮೊದಲು ದಿನಾರಿಯನ್ನು ನೋಡೋಣ. ದಕ್ಷಿಣಭಾರತದಲ್ಲಿ ಅದು ಅಪರೂಪದ ವಸ್ತುವೇನೂ ಅಲ್ಲ. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ದೊರೆತ ನಿಧಿಯಲ್ಲಿ ೧೬೩ ದಿನಾರಿಗಳಿದ್ದುವು. ೧೯೬೫ರಲ್ಲಿ ಅದೇ ನಗರದ ವಿಮಾನಕಾರ್ಖಾನೆಯ ನೆಲದಲ್ಲಿ ೨೫೬ ದೊರೆತುವು. ತೆಲುಗು ತಮಿಳು ನಾಡುಗಳಲ್ಲಿಯೂ ಇಂತಹ ನಿಧಿಗಳು ಅನೇಕ. ಮೆಣಸಿಗೂ ಮಣಿಮುತ್ತುಗಳಿಗೂ ಪ್ರತಿಯಾಗಿ ಬಂದ ಈ ಬೆಳ್ಳಿಯಲ್ಲಿ ಬಹುಪಾಲು ಆಗಸ್ಟಸ್ ಟೈಬೀರಿಯಸರದೇ. ಟೈಬೀರಿಯಸನ ದಿನಾರಿಯಲ್ಲಿ ಒಂದು ಬದಿಗೆ ಎಲೆಗಳ ಕಿರೀಟವನ್ನು ಧರಿಸಿದ ಚಕ್ರವರ್ತಿಯ ತಲೆ, ಇನ್ನೊಂದು ಬದಿಗೆ ಪೀಠದ ಮೇಲೆ ಕುಳಿತ ಸ್ತ್ರೀಮೂರ್ತಿ. ರೋಮಕ ಸಾಮ್ರಾಜ್ಯದಲ್ಲಿ ಈ ಅಚ್ಚನ್ನು ಬಹುಕಾಲ ಬದಲಿಸದೆ ಒತ್ತಿದುದರಿಂದ ಇಂದಿಗೂ ಲೋಕದಲ್ಲಿ ಇವು ಸಾವಿರಗಟ್ಟಲೆ ಉಳಿದಿವೆ. ಆದರೂ ಯುರೋಪು ಅಮೆರಿಕಗಳಲ್ಲಿ ಇದರ ಬೆಲೆ ಇಳಿದುದಿಲ್ಲ. ಕ್ರೈಸ್ತರ ಸುವಾರ್ತೆಗಳಲ್ಲಿ ಕಂದಾಯವನ್ನು ಕುರಿತು ಪ್ರಶ್ನೆ ಬಂದಾಗ ಯೇಸುವು ತರಿಸಿ ನೋಡಿದ ನಾಣ್ಯವು ಇದೇ ಎಂದು ಅಲ್ಲಿಯ ಜನರ ನಂಬಿಕೆ. ಆದಕಾರಣ ನಾಣ್ಯಶಾಸ್ತ್ರದ ಗಂಧವಿಲ್ಲದ ಗೃಹಸ್ಥನೂ ಇದನ್ನೊಂದು ಮನೆಯಲ್ಲಿಡಬೇಕೆಂದು ಬಯಸುತ್ತಾನೆ. ನಾಣ್ಯಗಳು ಸಾವಿರವಾದರೆ ಬಯಸುವವರು ಲಕ್ಷ.

ಇನ್ನು ಸೀಸದ ನಾಣ್ಯದ ಕಥೆ. ಇವುಗಳಲ್ಲಿ ಪ್ರಸಿದ್ಧವಾದ ಒಂದು ಬಗೆಯ ಮೇಲೆ ಡುಬ್ಬವುಳ್ಳ ಗೂಳಿಯ ಚಿತ್ರವೂ ಸುತ್ತಲೂ ಬ್ರಾಹ್ಮೀ ಅಕ್ಷರಗಳಲ್ಲಿ ಪ್ರಾಕೃತದ ಬರಹವೂ ಇವೆ. ಹಿಂಬದಿಯಲ್ಲಿ ಕಟಾಂಜನದೊಳಗಿನ ಮರವೂ ಚೈತ್ಯವೂ ಕಾಣುತ್ತವೆ. ‘ಸದಕನ ಕಳಲಾಯ ಮಹಾರಠಿ’ ಎಂಬುವನ ಹೆಸರನ್ನು ಬರಹವು ಹೇಳುತ್ತದೆ. ಮಹಾರಠಿ ಎಂಬ ಬಿರುದು ನಾಣೇಘಾಟ, ಕಾರ್ಲೆಗಳ ಶಾಸನಗಳಲ್ಲಿಯೂ ಬರುವುದುಂಟು. ಅವರು ಶಾತವಾಹನರ ಕಾಲದ ಮಹಾಸಾಮಂತರು. ಚಿತ್ರದುರ್ಗದ ಸೀಮೆಯಲ್ಲಿ ಅಂತಹ ಒಂದು ಮನೆತನವು ಸ್ವಂತ ನಾಣ್ಯವನ್ನು ಅಚ್ಚುಹಾಕುವಷ್ಟು ಪ್ರಬಲವಾಗಿದ್ದಿತೆಂಬುದು ತಿಳಿದುಬಂದುದು ಮುಖ್ಯವಾಗಿ ಈ ಸೀಸದ ಬಿಲ್ಲೆಗಳಿಂದ. ಹಾಗೆಯೇ ಕಾರವಾರದ ಕಡೆಯಲ್ಲಿ ದೊರೆತ ದೊಡ್ಡ ಸೀಸದ ನಾಣ್ಯಗಳು ಚುಟುಕುಲಾನಂದ, ಮುಳಾನಂದ ಎಂಬ ರಾಜರ ಹೆಸರುಗಳನ್ನು ಉಳಿಸಿಕೊಟ್ಟಿವೆ. ಚುಟು ವಂಶದ ಶಾಸನಗಳು ಬನವಾಸಿಯಲ್ಲಿಯೂ ಶಿಕಾರಿಪುರದ ಬಳಿಯ ಮಳವಳ್ಳಿಯಲ್ಲಿಯೂ ಇರುವುದರಿಂದ ನಾಣ್ಯ ಶಾಸನಗಳೆರಡೂ ಒಂದಕ್ಕೊಂದು ಸಾಕ್ಷಿಯಾಗಿ ನಿಂತಿವೆ. ಕನ್ನಡನಾಡಿನ ಅರಸುಮನೆತನಗಳ ಚರಿತ್ರೆಗೆ ಇದಕ್ಕಿಂತ ಹಿಂದಿನ ಸ್ವಹಸ್ತಾಕ್ಷರಗಳು ವಿರಳ. ಆದರೂ ಅಕ್ಷರಗಳು ಕಾಣುವ ಇಂತಹ ಒಂದು ಸೀಸದ ನಾಣ್ಯಕ್ಕೆ ಪೇಟೆಯಲ್ಲಿ ಬರುವ ಬೆಲೆಯು ಟೈಬೀರಿಯಸನ ದಿನಾರಿಯ ಬೆಲೆಯ ಸಣ್ಣದೊಂದು ಪಾಲಷ್ಟೇ. ಸಂಖ್ಯೆಯಿಂದ ತೂಗಿದರೆ ತಕ್ಕಡಿಯು ಇನ್ನೊಂದು ಕಡೆಗೆ ವಾಲಬೇಕಾಗಿದ್ದಿತು.

ಇದಕ್ಕೆ ಮೊದಲ ಕಾರಣ ಲೋಹ. ಚಿನ್ನದ ವರಹವೂ ಬೆಳ್ಳಿಯ ರೂಪಾಯಿಯೂ ಎಷ್ಟೇ ಸವೆದಿದ್ದರೂ ಚಿನಿವಾರನ ತ್ರಾಸಿನಲ್ಲಿ ಅವಕ್ಕೊಂದು ಬೆಲೆಯುಂಟು. ಆ ಬೆಲೆಗಿಂತ ಕೆಳಕ್ಕೆ ಅವು ಇಳಿಯಲಾರವು. ಸೀಸಕ್ಕೆ ಅಂತಹ ಆಸರೆಯಿಲ್ಲ. ಆದರೆ ಸೀಸವು ಅಂದಿಗೂ ಹೀಗೆಯೇ ತುಚ್ಛವಾಗಿದ್ದಿತೆಂದು ಭಾವಿಸುವುದು ಸರಿಯಲ್ಲ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಗ್ರೀಕ್ ನಾವಿಕನೊಬ್ಬನು ಬರೆದ ‘ಪೆರಿಪ್ಲಸ್’ ಎಂಬ ಗ್ರಂಥವು ಭರುಕಚ್ಛ ಮೊದಲಾದ ರೇವುಗಳಿಗೆ ಹಡಗುಗಳಲ್ಲಿ ಬರುತ್ತಿದ್ದ ಸರಕುಗಳಲ್ಲಿ ತಾಮ್ರ ತವರಗಳೊಡನೆ ಸೀಸವನ್ನೂ ಎಣಿಸುತ್ತದೆ. ಭಾರತೀಯರು ಮುತ್ತುರತ್ನಗಳನ್ನು ಕೊಟ್ಟು ಸೀಸವನ್ನು ಪಡೆಯುತ್ತಾರೆಂದು ರೋಮಿನ ಪ್ಲಿನಿಯೂ ಬರೆದಿದ್ದಾನೆ. ಅಂದು ಸಮುದ್ರವನ್ನು ದಾಟಿಬಂದ ಪದಾರ್ಥವು ಇಂದು ಹಳೆಯ ಸಾಮಾನಿನ ಅಂಗಡಿಯ ಮೂಲೆಗೆ ಬಿದ್ದಿದೆ. ಕಾಲವು ಬದಲಾದಂತೆ ಲೋಹಗಳ ಕುಲಮರ್ಯಾದೆಯೂ ಬದಲಾಗುವುದು ಸಹಜ.

ಲೋಹವೊಂದೇ ನಾಣ್ಯವಲ್ಲವೆಂಬುದನ್ನು ನಮ್ಮ ಪೂರ್ವಿಕರು ಬಲ್ಲರು. ‘ರೂಪ್ಯ’ವೆಂಬ ಶಬ್ದವನ್ನು ರೂಪವನ್ನೊತ್ತಿದ ವಸ್ತು ಎಂಬರ್ಥದಲ್ಲಿ ಪಾಣಿನಿಯು ಸಾಧಿಸಿದ್ದಾನೆ, ನಾಣ್ಯದ ಪ್ರಾಣವು ಮುದ್ರೆಯಲ್ಲಿದೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ. ೧೯೦೯ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ರೂಪದರ್ಶಕ’ನೆಂಬ ಅಧಿಕಾರಿಯ ಪ್ರಸ್ತಾಪವಿದೆ. ವ್ಯವಹಾರದಲ್ಲಿ ನಡೆಯತಕ್ಕ ಪಣವಾವುದು, ಕೋಶವನ್ನು ಸೇರತಕ್ಕ ಪಣವಾವುದು ಎಂದು ಗೊತ್ತುಮಾಡುವುದು ಅವನ ಕೆಲಸ. ಇಂದಿನ ಪೇಟೆಯಲ್ಲಿ ರೂಪದರ್ಶಕನ ಸ್ಥಾನವನ್ನು ಸಂಗ್ರಾಹಕರ ರುಚಿಯು ಆಕ್ರಮಿಸಿಕೊಂಡಿದೆ. ಕೋಶಕ್ಕೆ ಯೋಗ್ಯವಾದುದಾವುದೆಂದು ಗೊತ್ತುಮಾಡುವುದು ಅದೇ.

ಆ ರುಚಿಗೆ ಸೀಸದ ನಾಣ್ಯವು ಒಗ್ಗುವುದಿಲ್ಲ. ಅದರ ಅಚ್ಚು ಅನೇಕ ವೇಳೆ ಬಿಲ್ಲೆಗಿಂತ ದೊಡ್ಡದು. ಆದುದರಿಂದ ಬರಹದಲ್ಲಿ ನಾಲ್ಕೈದು ಅಕ್ಷರಗಳು ಮಾತ್ರ ಬಿದ್ದು ಮಿಕ್ಕವು ಅಂಚಿನಿಂದಾಚೆಗೆ ಹೋಗಿರುತ್ತವೆ. ಒಂದರಲ್ಲಿ ಹೆಸರಿನ ಮೊದಲು, ಇನ್ನೊಂದರಲ್ಲಿ ನಡು, ಮತ್ತೊಂದರಲ್ಲಿ ಕೊನೆ, ಹೀಗೆ ಹಲವನ್ನು ಕೂಡಿಸಿಕೊಂಡು ಓದಿದರಲ್ಲದೆ ಒಂದು ಹೆಸರು ಪೂರ್ಣವಾಗುವುದಿಲ್ಲ. ಚಿತ್ರಗಳು ಮೃದುವಾದ ಲೋಹದಲ್ಲಿ ಬೇಗ ಸವೆಯುತ್ತವೆ. ಅಲ್ಲದೆ ಸೀಸಕ್ಕೆ ಒಂದು ರೋಗವುಂಟು. ಮರದ ಪೆಟ್ಟಿಗೆಗಳಿಂದ ಹೊರಡುವ ಹುಳಿಯಾದ ಆವಿಯೂ ತೇವವೂ ಸೋಕಿದರೆ ಅದರ ಮೈಮೇಲೆ ಬಿಳಿಯ ಹುಡಿಯೆದ್ದು ಅಕ್ಷರಗಳು ಉದುರಿಹೋಗುತ್ತವೆ. ತಂದೆಯು ಕೂಡಿಟ್ಟುದು ಮಗನ ಕಾಲಕ್ಕೆ ಬೂದಿಯಾಗಬಹುದಾದ ವಸ್ತುವಿಗೆ ಹಣವನ್ನು ಸುರಿಯಲು ಯಾರೂ ಮುಂದಾಗುವುದಿಲ್ಲ.

ಎರಡನೆಯ ಕಾರಣ, ಮೊದಲನೆಯದಕ್ಕಿಂತ ಬಲವಾದುದು: ಬಯಸುವವರ ಕೊರತೆ. ಇದನ್ನು ಸಮೀಪಕಾಲದ ಒಂದು ನಾಣ್ಯದಿಂದ ಸ್ಪಷ್ಟಪಡಿಸಬಹುದು. ೧೯೧೧ರಲ್ಲಿ ಐದನೆಯ ಜಾರ್ಜ್ ದೊರೆಯ ಹೊಸ ರೂಪಾಯಿಯು ಹೊರಟಾಗ, ಅವನ ನಿಲುವಂಗಿಯ ಮೇಲಣ ಆನೆಯ ಚಿತ್ರವು ಸೊಂಡಿಲು ಕಿರಿದಾಗಿ ಹಂದಿಯಂತೆ ಕಾಣುವುದೆಂದು ಜನರಲ್ಲಿ ಗುಲ್ಲೆದ್ದಿತು. ಸರ್ಕಾರವು ವಿತರಣೆಯನ್ನು ನಿಲ್ಲಿಸಿ, ಉಳಿದುದನ್ನು ಕರಗಿಸಿ, ಮರುವರ್ಷ ಚಿತ್ರವನ್ನು ತಿದ್ದಿಸಿತು. ಅಚ್ಚಾದ ಸುಮಾರು ೯೪ ಲಕ್ಷದಲ್ಲಿ ಸುಮಾರು ೭ ಲಕ್ಷ ಮಾತ್ರ ಜನರ ಕೈಸೇರಿತೆಂದು ಹೇಳುತ್ತಾರೆ. ಏಳು ಲಕ್ಷವೆಂಬುದು ಚಂದ್ರವಳ್ಳಿಯ ಸೀಸದ ನಾಣ್ಯಗಳ ಮುಂದೆ ಸಮುದ್ರದಂತೆ. ಆದರೂ ‘ಹಂದಿ ರೂಪಾಯಿ’ಯನ್ನು ಹುಡುಕುವವರು ಇಂದಿಗೂ ಅನೇಕರು. ದೊರೆಯ ರೂಪಾಯಿಗಳನ್ನು ವರ್ಷಕ್ಕೊಂದರಂತೆ ಜೋಡಿಸುವವನಿಗೆ ೧೯೧೧ರ ಮನೆಯು ಬರಿದಾಗಿದ್ದರೆ ನೆಮ್ಮದಿಯಿಲ್ಲ. ಅದರ ಕಥೆಯನ್ನು ಹೇಳುವುದು ಸುಲಭ, ಬರಹವನ್ನು ಓದುವುದು ಸುಲಭ, ಗುರುತಿಸುವುದು ಸುಲಭ.

ಸೀಸದ ನಾಣ್ಯದಲ್ಲಿ ಇವಾವುವೂ ಇಲ್ಲ. ಬ್ರಾಹ್ಮೀಲಿಪಿಯನ್ನೂ ಪ್ರಾಕೃತವನ್ನೂ ಬಲ್ಲವರೇ ಕೆಲವರು. ಅವರಲ್ಲಿ ನಾಣ್ಯವನ್ನು ಕೊಳ್ಳುವಷ್ಟು ಅನುಕೂಲವುಳ್ಳವರು ಇನ್ನೂ ಕೆಲವರು. ಇಲ್ಲಿ ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಸ್ವಲ್ಪ ವಿರಳವಾದುದು ಆಸೆಯನ್ನು ಕೆರಳಿಸುತ್ತದೆ. ಅತಿ ವಿರಳವಾದುದು ಆಸೆಯನ್ನೇ ಹುಟ್ಟಿಸುವುದಿಲ್ಲ. ವರ್ಷಕ್ಕೊಮ್ಮೆಯೂ ಕಣ್ಣಿಗೆ ಬೀಳದ ವಸ್ತುವಿಗೆ ಮಾರಾಟದ ಲೆಕ್ಕವಿರುವುದಿಲ್ಲ. ಹಿಂದಿನ ಲೆಕ್ಕವಿಲ್ಲದಿದ್ದರೆ ಮುಂದಿನ ಬೆಲೆಯನ್ನು ಕಟ್ಟುವವರಿಲ್ಲ. ಸಾಲನ್ನು ಎಂದಿಗೂ ಪೂರೈಸಲಾಗದೆಂದು ತಿಳಿದವನು ಆ ಸಾಲನ್ನು ಆರಂಭಿಸುವುದೂ ಇಲ್ಲ. ಸರ್ ವಾಲ್ಟರ್ ಎಲಿಯಟ್ಟನು ದಕ್ಷಿಣದೇಶದ ನಾಣ್ಯಗಳ ಮೇಲೆ ಬರೆದ ಗ್ರಂಥವೂ, ೧೯೦೮ರಲ್ಲಿ ರ್‍ಯಾಪ್ಸನ್ನನು ಬ್ರಿಟಿಷ್ ಮ್ಯೂಸಿಯಮ್ಮಿನ ಆಂಧ್ರ ನಾಣ್ಯಗಳಿಗಾಗಿ ರಚಿಸಿದ ವಿವರಣಪಟ್ಟಿಯೂ ವಿದ್ವಾಂಸರಿಗೆ ದಾರಿದೀಪಗಳು. ಆದರೆ ಅವು ಊರೂರಿನ ವರ್ತಕನ ಕೈಗೆ ಬಂದ ಪುಸ್ತಕಗಳಲ್ಲ. ಹೆಸರು ಹೇಳಲಾರದ ಸರಕಿಗೆ ವರ್ತಕನು ಬೆಲೆಯನ್ನು ಏರಿಸುವುದೆಂತು?

ಮೂರನೆಯದು ಭಯ. ಇಂದು ವಿರಳವಾದುದು ನಾಳೆಯೂ ವಿರಳವಾಗಿಯೇ ಇರುವುದೆಂಬ ಭರವಸೆಯಿಲ್ಲ. ಕ್ಷತ್ರಪ ನಹಪಾನನ ಬೆಳ್ಳಿಯ ನಾಣ್ಯಗಳು ಒಂದು ಕಾಲದಲ್ಲಿ ತೀರ ಅಪೂರ್ವವಾಗಿದ್ದುವು. ೧೯೦೬ರಲ್ಲಿ ನಾಸಿಕ ಜಿಲ್ಲೆಯ ಜೋಗಲ್‍ಟೆಂಭಿಯಲ್ಲಿ ಒಂದೇ ನಿಧಿಯಿಂದ ೧೩,೦೦೦ಕ್ಕೂ ಮಿಕ್ಕು ಹೊರಬಿದ್ದುವು. ಅವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನ ಮೇಲೆ ಗೌತಮೀಪುತ್ರ ಶಾತಕರ್ಣಿಯು ತನ್ನ ಮುದ್ರೆಯನ್ನು ಮರಳಿ ಒತ್ತಿಸಿದ್ದನು. ಚರಿತ್ರಕಾರರಿಗೆ ಅದು ಹಬ್ಬ. ಗೆದ್ದ ಅರಸನು ಸೋತವನ ಹಣವನ್ನು ತನ್ನದಾಗಿ ಮಾಡಿಕೊಂಡ ಬಗೆಯು ಕಣ್ಣಿಗೆ ಕಟ್ಟಿದಂತಾಯಿತು. ಆದರೆ ಅದಕ್ಕೆ ಮುನ್ನ ಒಂದೆರಡನ್ನು ದುಬಾರಿಯಾಗಿ ಕೊಂಡಿದ್ದವನು ಯಾರಾದರೂ ಇದ್ದಿದ್ದರೆ ಅವನಿಗೆ ಅದು ಹಬ್ಬವಾಗಿರಲಾರದು. ಆಗೆತವು ಇನ್ನೂ ಮುಗಿಯದ ನಾಡಿನಲ್ಲಿ ಭೂಮಿಯೇ ದೊಡ್ಡ ವರ್ತಕ. ಅದರ ಮಳಿಗೆಯಲ್ಲಿ ಸರಕೆಷ್ಟಿದೆಯೆಂದು ಬಲ್ಲವರಿಲ್ಲ.

ನಾಲ್ಕನೆಯದಾಗಿ ರಾಜಶಾಸನದ ಕಟ್ಟು. ಭಾರತದಲ್ಲಿ ೧೯೭೨ರಲ್ಲಿ ಆದ ಪ್ರಾಚೀನ ವಸ್ತುಗಳ ಕಾಯಿದೆಯಂತೆ, ನೂರು ವರ್ಷಕ್ಕೆ ಮೇಲ್ಪಟ್ಟ ನಾಣ್ಯವನ್ನು ಖಾಸಗಿ ಜನರು ದೇಶದಿಂದ ಹೊರಕ್ಕೆ ಕಳುಹಿಸಕೂಡದು. ಇದು ನ್ಯಾಯವಾದ ಕಟ್ಟಳೆಯೇ. ಆದರೆ ಇದರಿಂದ ಪರದೇಶದ ಕೊಳ್ಳುಗರು ದೂರವಾಗಿ, ಬೆಲೆಯು ಇಲ್ಲಿಯ ಕೆಲವೇ ಸಂಗ್ರಾಹಕರ ಉತ್ಸಾಹವನ್ನು ಅವಲಂಬಿಸುತ್ತದೆ. ರೋಮಿನ ದಿನಾರಿಯಾದರೋ ಅನ್ಯದೇಶಗಳಲ್ಲಿಯೂ ಬೇಕಾದಷ್ಟು ಇರುವುದರಿಂದ ಅದರ ಪೇಟೆಯು ಲೋಕವೆಲ್ಲ ಹಬ್ಬಿದೆ. ೧೮೭೮ರ ನಿಧಿ ಕಾಯಿದೆಯಲ್ಲಿಯೂ ಒಂದು ಸ್ವಾರಸ್ಯವುಂಟು. ನೆಲದಲ್ಲಿ ದೊರೆತ ನಿಧಿಯ ಬೆಲೆಯು ಹತ್ತು ರೂಪಾಯಿಗೆ ಮೀರಿದರೆ ಕಲೆಕ್ಟರಿಗೆ ತಿಳಿಸಬೇಕೆಂಬುದು ಅದರ ವಿಧಿ. ಆ ಕಾಲದಲ್ಲಿ ಹಿಡಿ ಸೀಸದ ಬಿಲ್ಲೆಗಳಿಗೆ ಹತ್ತು ರೂಪಾಯಿಯನ್ನು ಯಾರು ಕೊಡುತ್ತಿದ್ದರು? ಹೀಗೆ ಅಲ್ಪಮೌಲ್ಯದ ವಸ್ತುವು ಪೇಟೆಯ ಕಣ್ಣಿಗೆ ಬೀಳದುದಷ್ಟೇ ಅಲ್ಲದೆ ಶಾಸನದ ಕಣ್ಣಿಗೂ ಬೀಳದೆ ಹೋಯಿತು.

ಬೆಲೆಯು ಕಡಿಮೆಯಾದರೆ ಆಗುವ ನಷ್ಟವೇನು, ಸಂಗ್ರಾಹಕರ ಲಾಭನಷ್ಟಗಳಿಂದ ನಾಡಿಗೇನು ಎಂದು ಕೇಳಬಹುದು. ನಷ್ಟವು ನಾಡಿನದೇ. ಸೀಸವು ಸುಮಾರು ೩೨೭ ಡಿಗ್ರಿ ಸೆಂಟಿಗ್ರೇಡಿಗೆ ಕರಗುವ ಲೋಹ. ಅಡಿಗೆಯ ಒಲೆಯ ಕಾವೇ ಅದಕ್ಕೆ ಸಾಕು. ಉಳುವಾಗ ಸಿಕ್ಕಿದ ಕಪ್ಪುಬಿಲ್ಲೆಗೆ ಬೆಲೆಯಿಲ್ಲವೆಂದು ತಿಳಿದವನು ಅದನ್ನು ಮೀನುಬಲೆಯ ಗುಂಡಿಗೋ ಪಾತ್ರೆಯ ಬೆಸುಗೆಗೋ ಬಳಸಿದರೆ ತಡೆಯುವವರಾರು? ಮುಳಾನಂದನ ಹೆಸರನ್ನು ಹೊತ್ತ ಬಿಲ್ಲೆಗಳೆಲ್ಲವೂ ಎಲಿಯಟ್ಟನಂತಹವರ ಕೈಸೇರುವುದಕ್ಕೆ ಮುನ್ನ ಹೀಗೆ ಕರಗಿದ್ದರೆ, ಕನ್ನಡನಾಡಿನ ಅರಸರ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾಗುತ್ತಿದ್ದಿತು. ಕಡಿಮೆಯಾಯಿತೆಂಬುದೂ ಯಾರಿಗೂ ತಿಳಿಯುತ್ತಿರಲಿಲ್ಲ. ಚಿನ್ನದ ನಾಣ್ಯಗಳಿಗೂ ಕ್ಷೇಮವಿಲ್ಲ, ನಿಜ. ಎಷ್ಟೋ ವರಹ ಹಣಗಳು ಅಕ್ಕಸಾಲೆಯ ಮೂಸೆಯನ್ನು ಸೇರಿ ಒಡವೆಗಳಾಗಿವೆ. ಆದರೆ ಅವು ಕರಗಿದುದು ಲೋಹಕ್ಕೆ ಬೆಲೆಯಿದ್ದುದರಿಂದ. ಸೀಸವು ಕರಗುವುದು ಯಾವ ಬೆಲೆಯೂ ಇಲ್ಲದುದರಿಂದ. ಎರಡು ದಾರಿಗಳೂ ಸೇರುವುದು ಒಂದೇ ಮೂಸೆಯನ್ನು.

ಹಾಗಾದರೆ ಬೆಲೆಯನ್ನು ಏರಿಸುವುದೇ ಪರಿಹಾರವೆ? ಅದೂ ನಿರಪಾಯವಲ್ಲ. ಬೆಲೆಯೇರಿದ ನಾಣ್ಯದ ಬೆನ್ನಿಗೆ ಕೂಟನಾಣ್ಯವನ್ನು ಮಾಡುವವನು ಬರುತ್ತಾನೆ. ಕೌಟಿಲ್ಯನೂ ಅಂತಹವರನ್ನು ಪತ್ತೆಮಾಡುವ ಉಪಾಯಗಳನ್ನು ಹೇಳಬೇಕಾಯಿತು. ಅವನ ಬೆನ್ನಿಗೆ ಹಾರೆಗುದ್ದಲಿಗಳನ್ನು ಹಿಡಿದು ಇರುಳಿನಲ್ಲಿ ಹಳೆಯ ಊರುಗಳ ದಿಬ್ಬಗಳನ್ನು ಬಗೆಯುವವನು ಬರುತ್ತಾನೆ. ಇವನಿಂದ ಆಗುವ ಹಾನಿಯು ಕರಗಿಸುವವನಿಂದ ಆಗುವ ಹಾನಿಗಿಂತ ಕಡಿಮೆಯೇನಲ್ಲ. ಏಕೆಂದರೆ ಇಂತಹ ನಾಣ್ಯದ ನಿಜವಾದ ಬೆಲೆಯ ಅರ್ಧಭಾಗವು ಅದರ ಮೈಯಲ್ಲಿಲ್ಲ. ಅದು ಬಿದ್ದಿದ್ದ ಮಣ್ಣಿನ ಪದರದಲ್ಲಿದೆ. ಚಂದ್ರವಳ್ಳಿಯೇ ಇದಕ್ಕೆ ದೃಷ್ಟಾಂತ. ಟೈಬೀರಿಯಸನು ಆಳಿದುದು ಕ್ರಿ. ಶ. ೧೪ರಿಂದ ೩೭ರ ವರೆಗೆ ಎಂಬುದು ನಿಶ್ಚಿತ. ಅವನ ದಿನಾರಿಯು ದೊರೆತ ಪದರವು ಕ್ರಿ. ಶ. ೧೪ಕ್ಕೆ ಹಿಂದಿನದಾಗಲಾರದು, ಅದೇ ಪದರದಲ್ಲಿ ಕೂಡಿದ್ದ ಮಡಕೆಗೂ ಮಣಿಗೂ ಸೀಸದ ನಾಣ್ಯಕ್ಕೂ ಅದರಿಂದ ಕಾಲದ ಒಂದು ಗುರುತು ದೊರೆಯುತ್ತದೆ. ಸೀಸದ ನಾಣ್ಯವು ಇದಕ್ಕೆ ಪ್ರತಿಯಾಗಿ ಆ ಊರಿನಲ್ಲಿ ಅಧಿಕಾರ ನಡೆಸಿದವರು ಯಾರೆಂಬುದನ್ನು ಹೇಳುತ್ತದೆ. ಬೆಳ್ಳಿಯು ಕಾಲವನ್ನೂ ಸೀಸವು ಹೆಸರನ್ನೂ ಕೊಟ್ಟು, ಎರಡೂ ಕೂಡಿ ಒಂದು ಚರಿತ್ರೆಯಾಗುತ್ತವೆ. ಇವನ್ನು ಬೇರ್ಪಡಿಸಿ ಒಂದನ್ನು ಮುಂಬಯಿಗೂ ಇನ್ನೊಂದನ್ನು ಗುಜರಿಗೂ ಮಾರಿದವನಿಗೆ ಸಿಗುವುದು ಕೆಲವು ರೂಪಾಯಿ. ನಾಡಿಗೆ ಸಿಗುವುದು ಒಂದು ಅನಾಥ ದಿನಾರಿ.

ಆದುದರಿಂದ ಈ ವಿಷಯದಲ್ಲಿ ಬೇಕಾದುದು ಬೆಲೆಯ ಏರಿಕೆಗಿಂತ ಅರಿವಿನ ಏರಿಕೆ. ಅದಕ್ಕೆ ಮಹಾಪಾಂಡಿತ್ಯವಾಗಲಿ ಧನವಾಗಲಿ ಅವಶ್ಯವಿಲ್ಲ. ಹೊಲದಲ್ಲಿಯೋ ಕೆರೆಯ ಹೂಳಿನಲ್ಲಿಯೋ ಇಂತಹ ಬಿಲ್ಲೆಯು ಕಂಡರೆ ಅದನ್ನು ಹುಣಿಸೆಹಣ್ಣಿನಿಂದ ಉಜ್ಜಿ ಬೆಳಗಬಾರದು. ಹುಳಿಯು ಸೀಸಕ್ಕೆ ವಿಷ. ಮರದ ಪೆಟ್ಟಿಗೆಯಲ್ಲಿಡದೆ ಒಣಗಿದ ಕಾಗದದಲ್ಲಿ ಸುತ್ತಿ, ಯಾವ ಊರಿನ ಯಾವ ಹೊಲದಲ್ಲಿ ಎಷ್ಟು ಆಳದಲ್ಲಿ ಯಾವ ಯಾವ ವಸ್ತುಗಳ ಜೊತೆಯಲ್ಲಿ ದೊರೆಯಿತೆಂಬುದನ್ನು ಆ ದಿನವೇ ಬರೆದು ಅದರೊಡನೆ ಇಟ್ಟು, ಸರ್ಕಾರದ ಅಧಿಕಾರಿಗಳಿಗೆ ತಿಳಿಸಿ, ವಸ್ತುಸಂಗ್ರಹಾಲಯದವರಿಗೆ ತೋರಿಸತಕ್ಕದ್ದು. ನಾಲ್ಕು ಸಾಲಿನ ಆ ಬರಹವಿದ್ದರೆ ನಾಲ್ಕೇ ಅಕ್ಷರಗಳುಳಿದ ಬಿಲ್ಲೆಯೂ ಮಾತನಾಡುತ್ತದೆ. ಆ ಬರಹವಿಲ್ಲದಿದ್ದರೆ ಪೂರ್ಣಾಕ್ಷರಗಳುಳ್ಳ ಬಿಲ್ಲೆಯೂ ಅರ್ಧ ಮೂಕವಾಗುತ್ತದೆ.

ವಿರಳತೆಯು ವಸ್ತುವಿನ ಗುಣ. ಬೆಲೆಯು ನೋಡುವವರ ಗುಣ. ಸದಕನ ಮಹಾರಠಿಯ ಸೀಸದ ನಾಣ್ಯವು ಅಗ್ಗವಾಗಿದೆಯೆಂದರೆ ಅದರಲ್ಲಿ ಕೊರತೆಯಿದೆಯೆಂದು ಅರ್ಥವಲ್ಲ. ಅದನ್ನು ಓದಬಲ್ಲವರು ಇನ್ನೂ ಕೆಲವರೇ ಇದ್ದಾರೆಂದು ಅರ್ಥ. ಸುಮಾರು ಎರಡು ಸಾವಿರ ವರ್ಷ ಮಣ್ಣಿನಲ್ಲಿ ಕೆಡದೆ ಕಾದಿದ್ದ ಹೆಸರುಗಳು ಮಣ್ಣಿನಿಂದ ಹೊರಬಂದ ಮೇಲೆ ಕಳೆದುಹೋಗದಂತೆ ನೋಡಿಕೊಳ್ಳುವ ಭಾರವು ಆ ನೆಲದಲ್ಲಿ ವಾಸಿಸುವವರ ಮೇಲಿದೆ.